ವಿಭೂತಿಯ ಮೇಲಿಟ್ಟ ಮೀಟರು

ಫೋಟೊ ತೊಳೆಯುವ ಹೈಪೋ ನೀರಿನ ಕಮಟು, ಅದರ ಜೊತೆಗೆ ಒದ್ದೆ ವಿಭೂತಿಯ ತಣ್ಣನೆ ವಾಸನೆ. ಚನ್ನಗಿರಿಯಲ್ಲಿದ್ದ ಅಪ್ಪನ ಸ್ಟುಡಿಯೊ ಎಂದರೆ ವಾಣಿಶ್ರೀಯವರ ಮೂಗಿಗೆ ಇವತ್ತಿಗೂ ಇವೆರಡೇ. ಅಲ್ಲಿ ಕನ್ನಡಿಯ ಕೆಳಗೆ ಒಂದು ವಿಭೂತಿ ಗಟ್ಟಿ, ಪಕ್ಕದಲ್ಲಿ ನೀರಿನ ಬಟ್ಟಲು ಸದಾ ಇರುತ್ತಿತ್ತು. ಫೋಟೊಗೆ ಕೂರುವ ಮುಂಚೆ ಜನ ಹಣೆಗೆ ಹೊಸದಾಗಿ ಬಳಿದುಕೊಳ್ಳುತ್ತಿದ್ದರು.

ಆ ಅಪ್ಪ ತೆಗೆದ ಗಾಜಿನ ನೆಗೆಟಿವ್ ಒಂದನ್ನು ಹೊನ್ನಾಳಿಯ ವಾಣಿಶ್ರೀಯವರ ಮನೆಯ ಅಂಗಳದಲ್ಲಿ ಬೆಳಕಿನ ಪೆಟ್ಟಿಗೆಯ ಮೇಲಿಟ್ಟು, ಕಪ್ಪಿನ ದಟ್ಟಣೆ ಅಳೆಯುವ ಮೀಟರು ಹಿಡಿದು, ಪ್ರವೀಣ್ ಕುಮಾರ್ ತಲೆ ಅಲ್ಲಾಡಿಸಿದ. ಜಗಳೂರಿನಲ್ಲಿ ಹಳೆಯ ಫೋಟೊಗಳ ಪ್ರದರ್ಶನ ಏರ್ಪಡಿಸುತ್ತಿದ್ದವನು ಅವನೇ.

"ಇದು ಕೆಲಸಕ್ಕೆ ಬರಲ್ಲ ಬಿಡ್ರೀ ಮೇಡಂ. ತಿಳಿ ಜಾಗಕ್ಕೂ ದಟ್ಟ ಜಾಗಕ್ಕೂ ವ್ಯತ್ಯಾಸ ಎರಡೂವರೆ ದಾಟೈತೆ. ಯಾವ ಕಾಗದಾನೂ ಇಷ್ಟು ತಡಕಳಲ್ಲ. ನಿಮ್ಮ ತಂದೆಯವ್ರು ಡೆವಲಪರಿನಾಗೆ ಬೇಯಿಸಿಬಿಟ್ಟಾರೆ."

"ಬೇಯಿಸಾಕೆ ಅದೇನು ಬದನೆಕಾಯೇನಪ್ಪ?"

"ಸಿಟ್ಟಾಗಬ್ಯಾಡ್ರಿ. ಈ ಹಳದಿ ದ್ರಾವಣದಾಗೆ ಒಂದೀಟು ಅದ್ದಿದ್ರೆ ತೆಳ್ಳಗಾಗ್ತೈತೆ," ಎಂದು ಅವನು ಬಾಟ್ಲಿಯ ಮುಚ್ಚಳ ತಿರುವಿದ.

ಒಮ್ಮೆ ತೆಳ್ಳಗಾದದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟ ವಾಣಿಶ್ರೀಯವರಿಗೆ ಅದು ಗೊತ್ತು. ಕಟ್ಟೆಯ ಮೇಲೆ ಕೂತಿದ್ದ ಪ್ರೇಮಮ್ಮನವರಿಗೆ ಗೊತ್ತಿಲ್ಲ. ಗೋವಿನಕೋವಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಆ ಗಾಜಿನಲ್ಲಿದ್ದವರು ಅವರ ತಂದೆ ಹಾಲೇಶಪ್ಪ. ಮಗಳು ತೊಟ್ಟಿಲಲ್ಲಿದ್ದಾಗಲೇ ಹೋದವರು. ಅವರದು ಬೇರೆ ಫೋಟೊ ಎಲ್ಲೂ ಇಲ್ಲ.

"ಅದ್ರಾಗೆ ಅದ್ದಿದ್ರೆ ನಮ್ಮಪ್ಪ ಕಾಣ್ತಾನೇನಪ್ಪ?"

"ನೋಡಾಣಮ್ಮ."

ನೋಡಾಣ! ವಾಣಿಶ್ರೀಯವರ ಮೈ ಉರಿದುಹೋಯಿತು. ಒಬ್ಬ ಹೆಂಗಸು ಕಾಣದೇ ಇರುವ ಅಪ್ಪನನ್ನು ಇವನು 'ನೋಡಾಣ' ಎಂದು ಅದ್ದಿ ತೆಗೆಯುತ್ತಾನಂತೆ, ಉಪ್ಪಿನಕಾಯಿ ರುಚಿ ನೋಡುವ ಹಾಗೆ!

"ಬಾಟ್ಲಿ ಮುಚ್ಚು. ಮೀಟರು ಎಲ್ಲಿ ಇಟ್ಟಿದ್ದೆ, ತೋರಿಸು."

ತೋರಿಸಿದ. ಗಾಜಿನೊಳಗಿನ ಹಣೆಯ ಮೇಲೆ ಮೂರು ಕಪ್ಪು ಗೆರೆ.

"ಏನದು?"

"ದಟ್ಟ ಜಾಗ."

"ವಿಭೂತಿ ಕಣಪ್ಪ! ನಿನ್ನ ಹಣೆ ಮೇಲೂ ಐತಲ್ಲ!"

ಪ್ರವೀಣನ ಕೈ ತಾನಾಗಿ ಹಣೆಗೆ ಹೋಯಿತು.

ನೆಗೆಟಿವ್‌ನಲ್ಲಿ ಬಿಳಿಯದೆಲ್ಲ ಕಪ್ಪು. ವಿಭೂತಿ ಎದ್ದು ಕಾಣದಿದ್ದರೆ "ಇದೇನ್ರೀ ಬೋಳು ಹಣೆ" ಎಂದು ಜನ ಫೋಟೊ ವಾಪಸು ತರುತ್ತಿದ್ದರು. ಅದಕ್ಕೇ ಅಪ್ಪ ಗಾಜಿನ ಮೇಲೆ ಆ ಗೆರೆಗಳಿಗೆ ಸಣ್ಣ ಕುಂಚದಿಂದ ಬಣ್ಣ ತುಂಬುತ್ತಿದ್ದರು, ಬೆಳಕು ತೂರದಂತೆ.

"ನೀನು ಅಳೆದಿದ್ದು ಬಣ್ಣಾನ. ಬಿಳಿ ರುಮಾಲಿನ ಮಡಿಕೆ ಕಾಣೋ ಕಡೆ ಇಡು. ಆಮೇಲೆ ಕೋಟಿನ ನೆರಳಿನಾಗೆ ಗುಂಡಿ ಕಾಣೋ ಕಡೆ."

ಇಟ್ಟ. ಒಂದರಲ್ಲಿ ಒಂದು ಕಳೆದ. "ಒಂದು ಪಾಯಿಂಟ್ ಎಂಟು." ದನಿ ಸಣ್ಣಗಾಗಿತ್ತು. "ಅಂಗಡಿ ಕಾಗದಕ್ಕೆ ಇದೂ ಜಾಸ್ತೀನೇ, ಮೇಡಂ."

"ಆಗ ನಮ್ಮ ಸ್ಟುಡಿಯೋದಾಗೆ ಕರೆಂಟೇ ಇರಲಿಲ್ಲ. ಬಿಸಿಲಿನಾಗೇ ಪ್ರಿಂಟ್ ಹಾಕ್ತಿದ್ರು. ಬಿಸಿಲು ಕಾಗದಕ್ಕೆ ಇಷ್ಟು ದಟ್ಟ ಬೇಕೇಬೇಕು. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಸತ್ತೋರ ತಲೆ ಮೇಲೆ ತಪ್ಪು ಹೊರಿಸಬ್ಯಾಡ!"

ಉಪ್ಪುನೀರು, ಅದರ ಮೇಲೆ ಬೆಳ್ಳಿಯ ದ್ರಾವಣ ಸವರಿ ಮುಂಜಾನೆಯೇ ಕತ್ತಲಕೋಣೆಯಲ್ಲಿ ಒಣಗಿಸಿಟ್ಟಿದ್ದ ಕಾಗದಕ್ಕೆ ವಾಣಿಶ್ರೀ ನೆಗೆಟಿವ್ ಒತ್ತಿ, ಚೌಕಟ್ಟಿಗೆ ಬಿಗಿದು ಬಿಸಿಲಿಗಿಟ್ಟರು. ಪ್ರವೀಣ್ ಅವರ ಕುರ್ಚಿಯನ್ನು ನೆರಳಿಗೆ ಎಳೆದ. ಕಂಡರು, ಆದರೆ ಕೂರಲಿಲ್ಲ.

ಮೊದಲು ಕೋಟು ಕಂದಾಯಿತು. ನಿಧಾನಕ್ಕೆ ಮುಖ ಮೂಡಿತು, ಕಡೆಗೆ ರುಮಾಲಿನ ಮಡಿಕೆಗಳು. ವಿಭೂತಿ ಮಾತ್ರ ಬೆಳ್ಳಗೇ ಉಳಿಯಿತು. ಹೈಪೋದಲ್ಲಿ ತೊಳೆದಾಗ ಅಂಗಳದ ತುಂಬ ಅದೇ ಹಳೆಯ ಕಮಟು.

"ನನ್ನ ಮೂಗು," ಎಂದರು ಪ್ರೇಮಮ್ಮ, ತಮ್ಮ ಮೂಗು ಮುಟ್ಟಿಕೊಂಡು.

"ಇದನ್ನೇ ಹಾಕಬೇಕು," ವಾಣಿಶ್ರೀ ಪ್ರವೀಣನ ಕಡೆ ತಿರುಗಿದರು. "ದೋಷ ಗೀಷ ಅಂತ ಚೀಟಿ ಅಂಟಿಸಿದ್ಯೋ, ಜಗಳೂರಿಗೇ ಬಂದು ಕಿತ್ತುಹಾಕ್ತೀನಿ."

"ಇಲ್ರೀ ಮೇಡಂ."

ಅವನು ಮೀಟರನ್ನೂ ಬಾಟ್ಲಿಯನ್ನೂ ಚೀಲಕ್ಕೆ ತುಂಬಿ, ಮುಖ ಎತ್ತದೆ ಹೊರಡಲು ಎದ್ದ. ಪ್ರೇಮಮ್ಮನವರು ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿ, ಮೊದಲು ಅವನ ಕೈಗಿಟ್ಟರು.