ತಿರುಗಿ ನೋಡದ ಗಾಯಕ

ತಮ್ಮ ತೀರಿಕೊಂಡ ಸುದ್ದಿ ತಿಳಿದಾಗ ನಾನು ನಾಟಕ ಮಂದಿರದ ಹಿಂದಿನ ಕೋಣೆಯಲ್ಲಿ ಗಾಯಕನ ಕೋಟಿಗೆ ಗುಂಡಿ ಹಾಕುತ್ತಿದ್ದೆ. ಎದೆ ಹಿಡಿದಂತಿದೆ ಎಂದು ಬೆಳಿಗ್ಗೆ ತಾನೇ ಆಸ್ಪತ್ರೆಗೆ ನಡೆದುಹೋಗಿದ್ದ. ನಿರ್ದೇಶಕರು ಬಾಗಿಲಿಗೆ ಬಂದು, ಆಸ್ಪತ್ರೆಯಿಂದ ಫೋನ್ ಬಂತು ಎಂದರು. ದಾರ ಕಡಿದು, ಸೂಜಿ ಚುಚ್ಚಿಟ್ಟು ಎದ್ದೆ.

ನಾಟಕ ಗ್ರೀಕರ ಹಳೆಯ ಕಥೆ. ಸತ್ತ ಹೆಂಡತಿಯನ್ನು ಕರೆತರಲು ಗಾಯಕನೊಬ್ಬ ಪಾತಾಳಕ್ಕೆ ಇಳಿಯುತ್ತಾನೆ. ಅವಳು ಅವನ ಹಿಂದೆಯೇ ಬರುತ್ತಾಳೆ, ಆದರೆ ಮೇಲೆ ಬರುವವರೆಗೆ ಅವನು ತಿರುಗಿ ನೋಡಕೂಡದು. ಕೊನೆಯ ಮೆಟ್ಟಿಲಲ್ಲಿ ನೋಡಿಬಿಡುತ್ತಾನೆ; ಅವಳು ಮರಳಿ ಹೋಗುತ್ತಾಳೆ. ನಮ್ಮ ನಿರ್ದೇಶಕರು ಪಾತಾಳವನ್ನು ಈ ಕಾಲದ ಆಸ್ಪತ್ರೆಯ ನೆಲಮಾಳಿಗೆ ಮಾಡಿದ್ದರು.

ಹೆಂಡತಿಯ ಪಾತ್ರದ ಹುಡುಗಿ ಕಚೇರಿ ಮುಗಿಸಿ ಬರುವಷ್ಟರಲ್ಲಿ ಹೊತ್ತಾಗುತ್ತಿತ್ತು. ತಾಲೀಮಿನಲ್ಲಿ ಅವಳ ಬದಲಿಗೆ ನಿಲ್ಲುತ್ತಿದ್ದವನು ನಮ್ಮ ರಂಗದ ಬಡಗಿ, ನನ್ನ ತಮ್ಮ. ಪೊದೆ ಮೀಸೆ, ಆನೆ ನಡಿಗೆ. ಬಿಳಿ ಮುಸುಕು ಹೊದ್ದು, ತಾನೇ ಕಟ್ಟಿದ ಮೆಟ್ಟಿಲನ್ನು ಕಿರುಗುಟ್ಟಿಸುತ್ತ ಹತ್ತಿದರೆ ನಕ್ಕು ನಕ್ಕು ನಮಗೆ ಹೊಟ್ಟೆ ಹುಣ್ಣಾಗುತ್ತಿತ್ತು. ಗಾಯಕನ ಪಾತ್ರ ಮಾಡುತ್ತಿದ್ದವನು ಬಸ್ಸಿನ ಡ್ರೈವರ್. ಅವನು ಒಮ್ಮೆ ಕೇಳಿದ್ದ:

"ಅಣ್ಣ, ಇಂಥ ಹೆಂಡ್ತೀನ ಕರ್ಕೊಂಡು ಬರೋಕೆ ನಾನ್ಯಾಕೆ ಪಾತಾಳಕ್ಕೆ ಹೋಗ್ಲಿ?"

"ಬಿಟ್ಟು ಹೋಗಿ ನೋಡು, ಊಟ ಯಾರು ಹಾಕ್ತಾರೆ ಅಂತ," ಎಂದಿದ್ದ ತಮ್ಮ, ಮುಸುಕಿನೊಳಗಿಂದಲೇ.

ಚಿಕ್ಕಂದಿನಲ್ಲಿ ಶಾಲೆಗೆ ಹೋಗುವಾಗ ನನ್ನ ಹಿಂದೆ ಚಪ್ಪಲಿ ಎಳೆದುಕೊಂಡು ಬರುತ್ತಿದ್ದ. ಎಷ್ಟು ಹಿಂದಿದ್ದಾನೆಂದು ತಿರುಗದೆಯೇ ನನಗೆ ತಿಳಿಯುತ್ತಿತ್ತು.

ಅವನನ್ನು ಮಣ್ಣಿಗೆ ಒಪ್ಪಿಸಿ ಕೆಲವು ದಿನಗಳಾದ ಮೇಲೆ ಮತ್ತೆ ತಾಲೀಮು ನಡೆಯಿತು. ಕಚೇರಿಯಿಂದ ಬೇಗ ಬಂದಿದ್ದ ಹುಡುಗಿ ಮುಸುಕು ಹೊದ್ದು ಸದ್ದಿಲ್ಲದೆ ಹಿಂದೆ ಹತ್ತಿದಳು. ಡ್ರೈವರ್ ಕೊನೆಯ ಮೆಟ್ಟಿಲಿಗೆ ಬಂದವನು ತಿರುಗಲೇ ಇಲ್ಲ. ನೇರ ನಡೆದು ಪರದೆಯ ಆಚೆಗೆ ಹೋಗಿಬಿಟ್ಟ. ಮತ್ತೆ ಮಾಡಿಸಿದರು, ಮತ್ತೆ ಹಾಗೆಯೇ. ಇವನು ತಿರುಗದಿದ್ದರೆ ನಾಟಕವೇ ಇಲ್ಲ, ನಾಳೆಯ ಪ್ರದರ್ಶನ ನಿಲ್ಲಿಸೋಣ ಎಂದರು ನಿರ್ದೇಶಕರು.

ನಾನು ಪರದೆಯ ಹಿಂದೆ ಹೋದೆ. ಅವನು ಗೋಡೆಗೆ ಹಣೆ ಒತ್ತಿ ನಿಂತಿದ್ದ.

"ತಿರುಗದೆ ಇದ್ರೆ ಅಣ್ಣ ಹಿಂದೇನೇ ಇದಾನೆ ಅನ್ಸುತ್ತೆ ಅಕ್ಕ. ತಿರುಗಿದ್ರೆ ಮುಗೀತು."

ಅವನಿಗೆ ಏನು ಬುದ್ಧಿ ಹೇಳಲಿ? ದಿನವೂ ದೇವರ ಮುಂದೆ ಕುಳಿತು ನಾನೂ ತಮ್ಮನನ್ನು ಮರಳಿ ಕೊಡು ಎಂದೇ ಬೇಡುತ್ತಿದ್ದೆ. ಅವನಿಗೆ ಶಾಂತಿ ಕೊಡು ಎಂಬ ಮಾತು ಬಾಯಿಗೆ ಬಂದಿರಲಿಲ್ಲ.

"ತಿರುಗಪ್ಪ," ಎಂದೆ. "ನಾವಿಬ್ರೂ ಹೀಗೆ ಹಿಡ್ಕೊಂಡು ಕೂತ್ರೆ ಅವನು ಹೋಗೋದಾದ್ರೂ ಹೇಗೆ?"

ಅವನು ಮುಖ ಒರೆಸಿಕೊಂಡು ಹೋಗಿ ಮೆಟ್ಟಿಲು ಹತ್ತಿದ. ತುದಿಯಲ್ಲಿ ಬಹಳ ಹೊತ್ತು ನಿಂತು, ತಿರುಗಿದ. ಮುಸುಕು ನಿಧಾನವಾಗಿ ಕತ್ತಲಿಗೆ ಇಳಿಯಿತು. ಪೂರ್ತಿ ಮರೆಯಾಗುವವರೆಗೆ ನಾನು ಕಣ್ಣು ಕೀಳಲಿಲ್ಲ. ಆಮೇಲೆ ಕೈ ಮುಗಿದೆ.

ದೇವರೇ, ಎಂದೂ ಸುಮ್ಮನಿರದ ಕೈ ಅವನದು. ಇನ್ನು ನಿನ್ನ ಬಳಿ ದಣಿವಾರಿಸಿಕೊಳ್ಳಲಿ. ನಾವು ಹಿಂದಿನಿಂದ ಕೂಗುವುದಿಲ್ಲ. ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು.