ಹುಲ್ಲಿನ ಕರು

ಚಳಿ ಹಿಂದೆಗೆದು ಹುಲ್ಲು ಒಣಗಿತ್ತು. ಗಂಡಸರು ಅಂಗಳದಾಚೆ ಬಣವೆ ಒಟ್ಟುತ್ತಿದ್ದರು. ಜಗಲಿಯ ಬಿಸಿಲಿನಲ್ಲಿ ಕೂತು ಸೊಸೆ ಎಳೆಕೂಸಿನ ಬಟ್ಟೆ ಬಿಚ್ಚಿದಳು. ಮಲದಲ್ಲಿ ಇವತ್ತೂ ಲೋಳೆಯ ಜೊತೆ ರಕ್ತದ ಎಳೆ.

ಹಸುವಿನ ಹಾಲು ಈ ಮಗುವಿಗೆ ಆಗಿಬರುವುದಿಲ್ಲ, ತಾಯಿ ತಿಂದದ್ದು ಎದೆಹಾಲಿಗೂ ಇಳಿಯುತ್ತದೆ ಎಂದಿದ್ದರು ಡಾಕ್ಟರಮ್ಮ. ಅಂದಿನಿಂದ ಅವಳು ಹಾಲು, ಮೊಸರು, ತುಪ್ಪ ಯಾವುದನ್ನೂ ಬಾಯಿಗೆ ಸೋಕಿಸಿರಲಿಲ್ಲ. ಇನ್ನೂ ರಕ್ತ ನಿಲ್ಲದಿದ್ದರೆ ಎದೆಹಾಲು ಬಿಡಿಸಿ ಡಬ್ಬಿಯ ಪುಡಿ ಕೊಡಬೇಕಾದೀತು ಎಂಬ ಮಾತು ಅವಳೊಳಗೆ ಮುಳ್ಳಿನಂತೆ ಮುರಿದುಕೊಂಡಿತ್ತು.

ಕದ್ದು ಏನಾದರೂ ತಿನ್ನುತ್ತೀಯೇನೇ ಎಂದು ಅತ್ತೆ ಕೇಳಿದ್ದರು. ಬೆಕ್ಕನ್ನು ಕೇಳೋದು ಬಿಟ್ಟು ನನ್ನ ಕೇಳ್ತೀರಲ್ಲ ಎಂದು ಸೊಸೆ ನಕ್ಕಿದ್ದಳು. ಕೊಟ್ಟಿಗೆಯಲ್ಲಿ ಹಸು ಕೂಗಿದಾಗಲೆಲ್ಲ ಕೂಸು ಬಿಲ್ಲಿನಂತೆ ಬೆನ್ನು ಬಾಗಿಸಿ ಚೀರುತ್ತಿತ್ತು.

ಆ ಹಸುವಿನ ಕರು ಹುಟ್ಟುತ್ತಲೇ ಸತ್ತಿತ್ತು. ಹಸು ಸೊರೆ ಬಿಟ್ಟು ಹಾಲಿಳಿಸಲೆಂದು ಅತ್ತೆ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿಸಿ ಮುಂದೆ ನಿಲ್ಲಿಸಿದ್ದರು.

ಈಗ ಹಸು ಕೂಗಿತು. ಚೀರುವ ಕೂಸನ್ನೆತ್ತಿಕೊಂಡು ಸೊಸೆ ಕೊಟ್ಟಿಗೆಗೆ ಹೋದಳು. ಅತ್ತೆ ಹುಲ್ಲಿನ ಕರುವಿನ ಬೆನ್ನಿಗೆ ಉಪ್ಪುನೀರು ಸವರುತ್ತಿದ್ದರು.

"ಹಚ್ಚದಿದ್ರೆ ಇದು ನೆಕ್ಕೋದೇ ಇಲ್ಲ ಕಣೇ."

ಹಸು ನೆಕ್ಕತೊಡಗಿತು. ಕರುವಿನ ಕಣ್ಣಿದ್ದ ತೂತು ಸೊಸೆಯತ್ತಲೇ ತಿರುಗಿತ್ತು. ಕೂಸು ಅಳು ನಿಲ್ಲಿಸಿ, ಹಸುವಿನ ನಾಲಗೆಯ ಲಯಕ್ಕೇ ತುಟಿ ಆಡಿಸಿತು. ಅವಳ ಎದೆ ಒಸರಿತು. ಒರೆಸಿಕೊಂಡಳು, ಬೆರಳು ಜಿಡ್ಡಾಯಿತು.

"ಅತ್ತೆ, ಬೆಣ್ಣೆ."

"ಯಾವ ಬೆಣ್ಣೆ?"

"ನನ್ನ ಎದೆಗೆ ನೀವು ಹಚ್ಚೋದು."

"ಅದು ತೊಟ್ಟಿನ ಒಡಕಿಗೆ. ನೀನೇನು ಅದನ್ನ ತಿಂತೀಯಾ?"

"ನಾನಲ್ಲ. ಇವನು."

ಕರುವಿನ ಬೆನ್ನ ಮೇಲೆ ಅತ್ತೆಯ ಕೈ ನಿಂತುಹೋಯಿತು.

ಬೆಣ್ಣೆ ಹಚ್ಚುವುದು ನಿಂತಿತು. ದಿನ ಕಳೆದಂತೆ ರಕ್ತದ ಎಳೆ ತೆಳ್ಳಗಾಗಿ ಮಾಯವಾಯಿತು. ನೀವು ಹಾಲಿನ ಪಥ್ಯ ಬಿಡಬೇಡಿ, ಮಗುವಿಗೆ ಎದೆಹಾಲೇ ಸಾಕು ಎಂದರು ಡಾಕ್ಟರಮ್ಮ. ಕೂಸಿನ ಬಟ್ಟೆಗಳನ್ನು ಅತ್ತೆ ಯಾರಿಗೂ ಬಿಡದೆ ತಾವೇ ಒಗೆದರು.

ಹುಲ್ಲಿನ ಕರುವನ್ನು ಹೂಳಿಬಿಡೋಣ ಎಂದಳು ಸೊಸೆ. ಹಸು ಬತ್ತುತ್ತದೆ ಎಂದರು ಅತ್ತೆ.

"ಬತ್ತಲಿ ಅತ್ತೆ. ಮೋಸ ಮಾಡಿ ಕುಡಿದ ಋಣ ಸಾಕು."

ಬಣವೆಯ ಹಿಂದೆ ಹೂಳಿದರು. ಹಸು ಬತ್ತಿತು. ಮತ್ತೆ ಕೂಗಲೂ ಇಲ್ಲ.

ಒಂದು ಬೆಳಿಗ್ಗೆ ತೊಟ್ಟಿಲಲ್ಲಿ ಕೂಸಿನ ನೆತ್ತಿ ಒದ್ದೆಯಾಗಿತ್ತು. ಕೂದಲೆಲ್ಲ ನೆಕ್ಕಿದ ಹಾಗೆ ಒಂದೇ ಕಡೆಗೆ ತೀಡಿಕೊಂಡಿತ್ತು. ಬಾಗಿಲ ಅಗುಳಿ ಹಾಕಿದಂತೆಯೇ ಇತ್ತು. ಕೊಟ್ಟಿಗೆಯಲ್ಲಿ ಹಸುವಿನ ಹಗ್ಗದ ಗಂಟೂ ಬಿಗಿಯಾಗಿತ್ತು.

ಸೊಸೆ ಸೆರಗು ಎತ್ತಿದವಳು ಒರೆಸಲಿಲ್ಲ. ಅದಕ್ಕೆ ಅಷ್ಟಾದರೂ ಸಲ್ಲಲಿ ಎಂದುಕೊಂಡು ಕೂಸನ್ನು ಎದೆಗೆ ಹಾಕಿಕೊಂಡಳು.