ಹಣ್ಣಾಗದ ಹುಳ

ರೇಷ್ಮೆ ಹುಳುಮನೆಯ ಬಾಗಿಲಲ್ಲಿ ಸೋಂಕು ತಡೆಯಲಿಟ್ಟ ಬ್ಲೀಚಿಂಗ್ ನೀರಿಗೆ ಕಾಲದ್ದಿ ಒಳಗೆ ಬಂದ ಚೌರಪ್ಪ ಅಲ್ಲೇ ನಿಂತ. ತಟ್ಟೆಗಳ ಸಾಲಿನ ಆ ತುದಿಯಲ್ಲಿ ತಮ್ಮ ಸುನೀಲ್ ಅಂಗಿತೋಳು ಮಡಚಿಕೊಂಡು ನಿಂತಿದ್ದ. ನಾಲ್ಕು ವರ್ಷದಿಂದ ಮಾತಿಲ್ಲದ ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೂ ನೋಡದವರಂತೆ ಹುಳಗಳ ಕಡೆ ತಿರುಗಿದರು.

ವಾಪಸ್ ಹೋಗುವಂತಿರಲಿಲ್ಲ. ಸಾದಲಿ ಊರಲ್ಲಿ ಯಾರೇ ಹುಳ ಹಣ್ಣಾಯ್ತು ಎಂದು ಕರೆದರೆ ಜಗಳವಾಡಿದವರೂ ಬರಬೇಕು. ಮೇವು ಬಿಟ್ಟ ಹುಳವನ್ನು ಹೊತ್ತಿಗೆ ಸರಿಯಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ನೂಲೆಲ್ಲ ಹಾಳು. ಆವತ್ತು ಯಾರ ಜಾತಿ, ಯಾರ ದೇವರು ಎಂದು ಯಾರೂ ಕೇಳುವುದಿಲ್ಲ. ಚೌರಪ್ಪ ಕಥೋಲಿಕ ಚರ್ಚಿನ ಉಪದೇಶಿ. ಅಲ್ಲಿ ಭಾನುವಾರದ ಬಲಿಪೂಜೆಯ ಪ್ರಾರ್ಥನೆ ಮುಗಿಸಿ ಬಂದಿದ್ದ. ಸುನೀಲ್ ಶೀಟಿನ ಮನೆಯೊಂದರಲ್ಲಿ ಪ್ರಾರ್ಥನಾ ಸಭೆ ನಡೆಸುವ ಪಾಸ್ಟರು. ಸಭೆ ಬೇಗ ಮುಗಿಸಿ ಓಡಿಬಂದಿದ್ದ.

ಕರೆದವಳು ಹುಳುಮನೆಯ ಒಡತಿ ಲಕ್ಷ್ಮೀನರಸಮ್ಮ. ಇವರ ತಾಯಿ ಅನ್ನಮ್ಮನಿಗೂ ಅವಳಿಗೂ ಮೂವತ್ತು ವರ್ಷದ ಗೆಳೆತನ, ಅಕ್ಕಪಕ್ಕದ ಮನೆ. ದಿನಾ ತುಳಸಿಗೆ ನೀರು ಹಾಕುವ ಆ ಹೆಂಗಸಿಗೆ ಈ ಅಣ್ಣತಮ್ಮಂದಿರ ಜಗಳ ತಲೆಗೇ ಹತ್ತಿರಲಿಲ್ಲ. ತಡೆಯಲಾರದೆ ಒಮ್ಮೆ ಅನ್ನಮ್ಮನನ್ನೇ ಕೇಳಿದ್ದಳು.

"ಇಬ್ರ ದೇವ್ರೂ ಒಬ್ನೇ ತಾನೇ?"

"ಒಬ್ನೇ."

"ಪುಸ್ತಕ?"

"ಅದೂ ಹೆಚ್ಚುಕಮ್ಮಿ ಒಂದೇ."

"ಮತ್ತೆ ಕಿತ್ತಾಡೋದು ಯಾತಕ್ಕೆ?"

"ನೀರಿಗೆ ಕಣೇ."

ಸುನೀಲ್ ಕೃಷಿಹೊಂಡದಲ್ಲಿ ಮುಳುಗಿ ಹೊಸದಾಗಿ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದ. ಕೂಸಾಗಿದ್ದಾಗ ಚರ್ಚಿನಲ್ಲಿ ನೆತ್ತಿಗೆ ನೀರು ಹಾಕಿಸಿದ್ದು ಲೆಕ್ಕಕ್ಕಿಲ್ಲ ಅಂದಿದ್ದ. "ಹಂಗಾದ್ರೆ ಅಮ್ಮ ನಿನ್ನ ಎತ್ಕೊಂಡು ಚರ್ಚಿಗೆ ಹೋಗಿದ್ದೂ ಲೆಕ್ಕಕ್ಕಿಲ್ವಾ?" ಎಂದು ಎದ್ದುಹೋದ ಚೌರಪ್ಪ ಮತ್ತೆ ತಮ್ಮನ ಹೊಸ್ತಿಲು ತುಳಿದಿರಲಿಲ್ಲ. ನೆತ್ತಿಯ ನೀರಿಗೂ ಹೊಂಡದ ನೀರಿಗೂ ಅಂಥದ್ದೇನು ವ್ಯತ್ಯಾಸವೋ, ಲಕ್ಷ್ಮೀನರಸಮ್ಮ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಈಗ ಆ ಜಗಳ ಅನ್ನಮ್ಮನ ಪ್ರಾಣಕ್ಕೇ ಬಂದಿತ್ತು. ಹೊಟ್ಟೆಯ ಗೆಡ್ಡೆ ತೆಗೆಸಲು ನಾಳೆ ಚಿಕ್ಕಬಳ್ಳಾಪುರಕ್ಕೆ ಹೋಗಬೇಕು. ಮುದುಕಿಯದು ಒಂದೇ ಹಟ: ಮಕ್ಕಳಿಬ್ಬರೂ ಒಟ್ಟಿಗೆ ತಲೆಮೇಲೆ ಕೈಯಿಟ್ಟು ಪ್ರಾರ್ಥಿಸದೆ ಆಸ್ಪತ್ರೆಗೆ ಕಾಲಿಡುವುದಿಲ್ಲ. "ಅವ್ನ ಜೊತೆಗಾ?" ಅಂದಿದ್ದ ದೊಡ್ಡವನು. "ನಾನೊಬ್ನೇ ಮಾಡ್ತೀನಿ ಬಿಡಮ್ಮ" ಅಂದಿದ್ದ ಚಿಕ್ಕವನು.

ಚೌರಪ್ಪ ಒಂದು ಹುಳ ಎತ್ತಿ ಬೆಳಕಿಗೆ ಹಿಡಿದ. ಹಣ್ಣಾದ ಹುಳದ ಮೈ ತಿಳಿಯಾಗಿ ಹೊಳೆಯಬೇಕು. ಇದು ಮಂಕಾಗಿಯೇ ಇತ್ತು.

"ಏನು ಚಿಕ್ಕಮ್ಮ, ಇವು ಇನ್ನೂ ಮೇಯ್ತಾ ಅವೆ," ಎಂದ ಲಕ್ಷ್ಮೀನರಸಮ್ಮನ ಕಡೆ ತಿರುಗಿ.

"ಈ ಕಡೇನೂ ಹಂಗೇ. ಇನ್ನೂ ಎರಡು ದಿನ ಬೇಕು," ಅಂದ ಸುನೀಲ್. ಅವಳಿಗೆ ಹೇಳಿದನೋ ಅಣ್ಣನಿಗೋ ಗೊತ್ತಾಗಲಿಲ್ಲ.

"ಗೊತ್ತು ಕಣ್ರಪ್ಪ. ಸುಳ್ಳು ಹೇಳ್ದೆ. ನಿಮ್ಮಿಬ್ರನ್ನ ಬಿಟ್ರೆ ಬೇರೆ ಯಾರನ್ನೂ ಕರೆದಿಲ್ಲ."

ಚೌರಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಹುಳದ ಹೆಸ್ರಲ್ಲಿ ಸುಳ್ಳಾ? ನಾಳಿದ್ದು ನೀನು ಕರೆದ್ರೆ ಊರಲ್ಲಿ ಯಾರು ನಂಬ್ತಾರೆ?"

"ನಂಬದಿದ್ರೆ ಈ ಬೆಳೆ ಹೋಯ್ತು ಅನ್ಕೋತೀನಿ ನಾಯನಾ. ನಿಮ್ಮಮ್ಮ ನಾಳೆ ಬಸ್ ಹತ್ತಲಿ."

ಅವಳು ಅಡುಗೆಮನೆಯಲ್ಲಿ ಕೂತಿದ್ದ ಅನ್ನಮ್ಮನನ್ನು ಕೈಹಿಡಿದು ಕರೆತಂದು ಸೊಪ್ಪಿನ ಬುಟ್ಟಿ ಬೋರಲು ಹಾಕಿ ಕೂರಿಸಿದಳು. ಮುದುಕಿ ಇಬ್ಬರನ್ನೂ ನೋಡಿದಳು. ಸೆರಗು ಹೊದ್ದು ಕಣ್ಣು ಮುಚ್ಚಿದಳು.

ಸುನೀಲ್ ಮೊದಲು ಬಂದು ತಾಯಿಯ ತಲೆಮೇಲೆ ಕೈಯಿಟ್ಟ. ಚೌರಪ್ಪ ಬಾಗಿಲ ಬಳಿ ಹೋದ. ಹೊರಟೇಹೋದನೇನೋ ಎಂದು ಲಕ್ಷ್ಮೀನರಸಮ್ಮ ಅವನ ಹಿಂದೆ ಎರಡು ಹೆಜ್ಜೆ ಇಟ್ಟಳು. ಅವನು ಅಲ್ಲಿದ್ದ ಬಕೆಟ್ಟಿನ ನೀರಲ್ಲಿ ಕೈ ತೊಳೆದು, ಪಂಚೆಗೆ ಒರೆಸಿಕೊಂಡು ವಾಪಸ್ ಬಂದ. ಬಡಕಲು ಮುದುಕಿಯ ಪುಟ್ಟ ತಲೆ. ತಮ್ಮನ ಅಂಗೈಯೇ ಅದನ್ನು ತುಂಬಿತ್ತು. ಚೌರಪ್ಪ ಒಂದು ಗಳಿಗೆ ತಡೆದು, ಅದರ ಮೇಲೆಯೇ ತನ್ನ ಕೈಯಿಟ್ಟ.

ಇಬ್ಬರೂ ಒಟ್ಟಿಗೇ ಶುರುಮಾಡಿದರು. ಒಬ್ಬೊಬ್ಬರ ಪ್ರಾರ್ಥನೆಯೂ ಒಂದೊಂದು ದಾರಿ ಹಿಡಿಯಿತು. ನಡುವೆ ಇಬ್ಬರೂ ನಿಲ್ಲಿಸಿದರು. ಅನ್ನಮ್ಮನ ತುಟಿ ಮಾತ್ರ ಅಲುಗುತ್ತಲೇ ಇತ್ತು. ಅದನ್ನು ನೋಡಿ ಮತ್ತೆ ಮುಂದುವರಿಸಿದರು, ಈ ಸಲ ಮೆತ್ತಗೆ. ಯಾವುದು ಯಾರದೆಂದು ಲಕ್ಷ್ಮೀನರಸಮ್ಮ ಕಿವಿಗೊಟ್ಟು ಕೇಳಿದಳು, ತಿಳಿಯಲಿಲ್ಲ.

ಪ್ರಾರ್ಥನೆ ಮುಗಿಯಿತು. ಅನ್ನಮ್ಮ ಕಣ್ಣು ಬಿಡದೆಯೇ, "ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೆ?" ಎಂದಳು.

"ಆರೂವರೆಗೆ ಕಣೇ," ಅಂದಳು ಲಕ್ಷ್ಮೀನರಸಮ್ಮ.

ಚೌರಪ್ಪನ ಕೈ ಇನ್ನೂ ತಮ್ಮನ ಕೈಮೇಲೆ ಹಾಗೇ ಇತ್ತು. ಮೇಲಿನದು ಏಳದೆ ಕೆಳಗಿನದು ಏಳುವಂತಿರಲಿಲ್ಲ.